ಬಂಡೆಯ ಕೆಳಗಿನ ಊರು

2023ರ ಮೇ ತಿಂಗಳು. ಪ್ರಾಜೆಕ್ಟ್ ಕೆಲಸದ ಮೇಲೆ ಮೂರು ತಿಂಗಳ ಮಟ್ಟಿಗೆ ಫ್ರಾನ್ಸಿನ ಟುಲೂಸ್ ನಗರದಲ್ಲಿದ್ದೆ. ಅಲ್ಲಿ ಗುರುವಾರ ಹಬ್ಬದ ರಜೆ ಬಂತು ಅಂದ್ರೆ ಶುಕ್ರವಾರವನ್ನೂ ಸೇರಿಸಿಕೊಂಡು ನಾಲ್ಕು ದಿನ ಊರು ಬಿಡ್ತಾರೆ. ಅದಕ್ಕೆ ಅವರು ‘ಸೇತುವೆ ಹಾಕೋದು’ ಅಂತಾರೆ. “ನೀವೂ ಸೇತುವೆ ಹಾಕಿ, ದೋರ್ದೋನ್ ಕಣಿವೆ ನೋಡ್ಕೊಂಡು ಬನ್ನಿ” ಅಂತ ಆಫೀಸಿನಲ್ಲಿ ಹೇಳಿದರು. ನಾನು, ನಮ್ಮ ಟೀಮಿನ ದಾವಣಗೆರೆ ಹುಡುಗ, ಬಾಡಿಗೆ ಕಾರು, ಒಂದು ಡಬ್ಬಿ ಚಟ್ನಿಪುಡಿ. ಅಷ್ಟೇ ನಮ್ಮ ತಯಾರಿ.

ಹೊರಡುವ ಹಿಂದಿನ ರಾತ್ರಿ ಅಪ್ಪನ ಜೊತೆ ಫೋನಿನಲ್ಲಿ ಜಗಳ ಆಗಿತ್ತು. ಹೊಸ ಜಗಳವೇನಲ್ಲ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ಕಡೆ ಗುಡ್ಡಗಳು ಜರಿದಾಗ ನಮ್ಮ ಮನೆ ಹಿಂದಿನ ಧರೆಯೂ ಕುಸಿದು ಕೊಟ್ಟಿಗೆ ಮಣ್ಣಾಗಿತ್ತು. ದನಗಳನ್ನು ಹಿಂದಿನ ಸಂಜೆಯೇ ಬೇರೆ ಕಡೆ ಕಟ್ಟಿದ್ದರಿಂದ ಉಳಿದವು. ಅಂದಿನಿಂದ ನನ್ನದು ಒಂದೇ ರಾಗ: ಮನೆ, ತೋಟ ಮಾರಿ ಬೆಂಗಳೂರಿಗೆ ಬನ್ನಿ. ಅಪ್ಪನದೂ ಒಂದೇ ಉತ್ತರ: “ನೀನು ಬೇಕಾದ್ರೆ ಅಮ್ಮನ್ನ ಕರ್ಕೊಂಡು ಹೋಗು, ನಾನು ಬರಲ್ಲ.” ಇದು ಶುದ್ಧ ಹಠ ಅಂತ ನಾನು ನಾಲ್ಕು ವರ್ಷದಿಂದ ನಂಬಿದ್ದೆ.

ಇದನ್ನೆಲ್ಲ ಇಲ್ಲಿ ಯಾಕೆ ಹೇಳ್ತಿದ್ದೀನಿ ಅನ್ನೋದು ಮುಂದೆ ಗೊತ್ತಾಗುತ್ತೆ.

ಬಡತನ ಉಳಿಸಿದ ಪಟ್ಟಣ

ಟುಲೂಸ್‌ನಿಂದ ಉತ್ತರಕ್ಕೆ ಸುಮಾರು ಎರಡೂವರೆ ಗಂಟೆ ಕಾರು ಓಡಿಸಿದರೆ ಸಾರ್ಲಾ. ಕಣಿವೆ ಸುತ್ತಲು ಹೆಚ್ಚಿನವರು ಉಳಿದುಕೊಳ್ಳೋದು ಇಲ್ಲೇ. ನದಿಯಿಂದ ಸ್ವಲ್ಪ ದೂರ. ಜೇನಿನ ಬಣ್ಣದ ಸುಣ್ಣಕಲ್ಲಿನ ಮನೆಗಳು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದಂಥ ಓಣಿಗಳು. ಮೊದಲ ನೋಟಕ್ಕೆ ಸಿನಿಮಾ ಸೆಟ್ ಇದ್ದ ಹಾಗಿದೆ.

ನನ್ನ ಕಣ್ಣು ನೆಟ್ಟಿದ್ದು ಚಾವಣಿಗಳ ಮೇಲೆ. ಈ ಕಡೆಯ ಹಳೆ ಮನೆಗಳಿಗೆ ಹೆಂಚಿನ ಬದಲು ಕಲ್ಲಿನ ಚಪ್ಪಡಿ ಹೊದಿಸಿರುತ್ತಾರೆ. ಅವಕ್ಕೆ ‘ಲೋಜ್’ ಅಂತ ಹೆಸರು. ಒಂದರ ಮೇಲೊಂದು ಅಡ್ಡಡ್ಡ ಪೇರಿಸಿದ ಆ ಚಾವಣಿ ಚದರ ಮೀಟರಿಗೆ ಅರ್ಧ ಟನ್‌ಗೂ ಹೆಚ್ಚು ತೂಗುತ್ತೆ. ಅಷ್ಟು ಭಾರ ಹೊರೋದಕ್ಕೆ ಒಳಗೆ ಓಕ್ ಮರದ ದಪ್ಪ ತೊಲೆಗಳು, ಕೆಳಗೆ ಅಷ್ಟೇ ದಪ್ಪ ಗೋಡೆಗಳು ಬೇಕು. ಕಡಿದಾಗಿ ಇಳಿಜಾರು ಮಾಡೋದೂ ಭಾರ ನೇರವಾಗಿ ಗೋಡೆಗೆ ಇಳಿಯಲಿ ಅಂತಲೇ. ಕಾಲೇಜಿನಲ್ಲಿ ಸಿವಿಲ್ ಓದುವ ಗೆಳೆಯರನ್ನು ರೇಗಿಸುತ್ತಿದ್ದ ನಾನು ಅಲ್ಲಿ ಕತ್ತೆತ್ತಿ ಸುಮಾರು ಹೊತ್ತು ನಿಂತೆ.

ಈ ಊರು ಇಷ್ಟು ಚೆನ್ನಾಗಿ ಉಳಿದಿದ್ದು ಹೇಗೆ? ಶ್ರೀಮಂತಿಕೆಯಿಂದ ಅಂತ ನಾನು ಅಂದುಕೊಂಡಿದ್ದೆ. ಅದು ತಪ್ಪು. ಮುಖ್ಯ ವ್ಯಾಪಾರದ ದಾರಿಗಳು ಈ ಪಟ್ಟಣವನ್ನು ಬಿಟ್ಟು ಬೇರೆ ಕಡೆ ಹೋದವು. ಹಳೆ ಮನೆ ಕೆಡವಿ ಹೊಸದು ಕಟ್ಟುವಷ್ಟು ದುಡ್ಡು ಯಾರ ಹತ್ರವೂ ಇರಲಿಲ್ಲ. ಹಾಗಾಗಿ ಹಳೇದು ಹಳೇದಾಗೇ ಉಳೀತು. ಆದರೆ ಇಪ್ಪತ್ತನೇ ಶತಮಾನದ ಮಧ್ಯದ ಹೊತ್ತಿಗೆ ಬೀಳೋ ಸ್ಥಿತಿಗೆ ಬಂದಿತ್ತು.

ಆಗ ಫ್ರಾನ್ಸಿನ ಸಂಸ್ಕೃತಿ ಸಚಿವರಾಗಿದ್ದವರು ಕಾದಂಬರಿಕಾರ ಆಂದ್ರೆ ಮಾಲ್ರೋ. 1962ರಲ್ಲಿ ಅವರು ತಂದ ಕಾನೂನು ಒಂದು ಹೊಸ ಮಾತು ಹೇಳಿತು: ಬರೀ ಒಂದು ಚರ್ಚು, ಒಂದು ಕೋಟೆ ಕಾಪಾಡಿದರೆ ಸಾಲದು, ಇಡೀ ಹಳೆ ಬಡಾವಣೆಯನ್ನೇ ಕಾಪಾಡಬೇಕು. ಆ ಕಾನೂನಿನಡಿ ಮೊದಮೊದಲು ದುರಸ್ತಿಯಾದ ಊರುಗಳಲ್ಲಿ ಸಾರ್ಲಾ ಒಂದು. ಈಗಲೂ ಅಲ್ಲಿ ಬುಧವಾರ, ಶನಿವಾರ ಸಂತೆ. ಬಳಕೆಯಲ್ಲಿಲ್ಲದ ಹಳೆ ಚರ್ಚೊಂದಕ್ಕೆ ವಾಸ್ತುಶಿಲ್ಪಿ ಜಾನ್ ನೂವೆಲ್ ಮುಗಿಲೆತ್ತರದ ಲೋಹದ ಬಾಗಿಲು ಮಾಡಿಸಿದ್ದಾರೆ. ಒಳಗೆ ಚೀಸು, ಅಕ್ರೋಟು, ತರಕಾರಿ ಮಾರ್ತಾರೆ.

ಆ ರಾತ್ರಿ ಊಟಕ್ಕೆ ದಾವಣಗೆರೆಯವನು ಮೆನು ನೋಡಿ ಖುಷಿಯಾದ. ಸಾರ್ಲಾ ಶೈಲಿಯ ಆಲೂಗಡ್ಡೆ! ಬೆಳ್ಳುಳ್ಳಿ ಹಾಕಿ ಗರಿಗರಿ ಹುರಿದಿದ್ದು. ಶುದ್ಧ ಸಸ್ಯಾಹಾರಿಯಾದ ಅವನು “ಅಂತೂ ನಮ್ಮ ಊಟ ಸಿಕ್ತಲ್ಲೋ” ಅಂತ ಫೋರ್ಕ್ ಎತ್ತಿದ. ಯಾವುದಕ್ಕೂ ಇರಲಿ ಅಂತ ಎಣ್ಣೆ ಯಾವುದು ಅಂತ ಕೇಳಿದೆ. ಬಡಿಸುತ್ತಿದ್ದ ಹೆಂಗಸು ಹೆಮ್ಮೆಯಿಂದಲೇ ಹೇಳಿದರು, ಬಾತುಕೋಳಿ ಕೊಬ್ಬು. ಅವನು ಫೋರ್ಕ್ ಕೆಳಗಿಟ್ಟ. ಆ ರಾತ್ರಿ ಬ್ರೆಡ್ಡಿಗೆ ಚಟ್ನಿಪುಡಿ.

ದೋಣಿಯಲ್ಲಿ ಇತಿಹಾಸ

ಮರುದಿನ ಬೆಳಿಗ್ಗೆ ಸೆನಾಕ್ ಅನ್ನೋ ಊರಿನ ದಂಡೆಯಲ್ಲಿ ಕನೂ ದೋಣಿ ಬಾಡಿಗೆಗೆ ತಗೊಂಡ್ವಿ. ಅಲ್ಲಿಂದ ನದಿ ಇಳಿಯುವ ದಿಕ್ಕಿಗೆ ಒಂಬತ್ತು–ಹತ್ತು ಕಿಲೋಮೀಟರ್ ಹೋದರೆ ಬೇನಾಕ್. ಅಲ್ಲಿ ದೋಣಿ ಬಿಟ್ಟರೆ ಅವರೇ ವ್ಯಾನಿನಲ್ಲಿ ವಾಪಸ್ ತಂದು ಬಿಡ್ತಾರೆ. ಗೆಳೆಯನಿಗೆ ಈಜು ಬರಲ್ಲ. ಲೈಫ್ ಜಾಕೆಟ್ಟಿನ ಬಕಲ್ಲನ್ನು ಮೂರು ಸಲ ಎಳೆದು ನೋಡಿದ.

ದೋರ್ದೋನ್ ಹುಟ್ಟೋದು ಫ್ರಾನ್ಸಿನ ನಡುವಿನ ಜ್ವಾಲಾಮುಖಿ ಬೆಟ್ಟಗಳಲ್ಲಿ, ಸುಮಾರು 1,885 ಮೀಟರ್ ಎತ್ತರದ ಪುಯಿ ದ ಸಾನ್ಸಿ ಶಿಖರದ ಬುಡದಲ್ಲಿ. ಅಲ್ಲಿಂದ ಸುಮಾರು 480 ಕಿಲೋಮೀಟರ್ ಹರಿದು, ಬೋರ್ಡೋ ಹತ್ತಿರ ಟುಲೂಸಿನಿಂದ ಬರುವ ಗರೋನ್ ನದಿಯನ್ನು ಸೇರುತ್ತೆ. ನಾವು ಹೋದಾಗ ನೀರು ತಿಳಿಯಾಗಿತ್ತು, ತಳದ ಉರುಟುಕಲ್ಲು ಕಾಣುತ್ತಿತ್ತು. ಎರಡೂ ಕಡೆ ಅಕ್ರೋಟಿನ ತೋಪು, ಓಕ್ ಕಾಡು, ಅಲ್ಲಲ್ಲಿ ನೀರಿನಿಂದಲೇ ಎದ್ದು ನಿಂತ ಬಿಳಿ ಬಂಡೆ.

ಸೆನಾಕ್ ನೆತ್ತಿಯ ಮೇಲೇ ದೋಮ್ ಕೋಟೆಯೂರು. 1281ರಲ್ಲಿ ದೊರೆ ಮೂರನೇ ಫಿಲಿಪ್ ಕಟ್ಟಿಸಿದ್ದು. 1307ರಲ್ಲಿ ಟೆಂಪ್ಲರ್ ಯೋಧರನ್ನು ಬಂಧಿಸಿದಾಗ ಕೆಲವರನ್ನು ಈ ಊರಿನ ಹೆಬ್ಬಾಗಿಲ ಗೋಪುರಗಳಲ್ಲಿ ಕೂಡಿಹಾಕಿದ್ದರು. ಅವರು ಗೋಡೆ ಮೇಲೆ ಕೆತ್ತಿದ ಶಿಲುಬೆಯ ಚಿತ್ರಗಳು ಈಗಲೂ ಇವೆ.

ಸೆನಾಕ್, ಬೇನಾಕ್, ಮುಂದೆ ಬರುವ ಗಜಾಕ್. ಎಲ್ಲಾ ‘ಆಕ್’ ಯಾಕೆ ಅಂತ ಗೆಳೆಯ ಕೇಳಿದ. ರೋಮನ್ನರ ಕಾಲದಲ್ಲಿ ‘ಇಂಥವರ ಜಮೀನು’ ಅಂತ ಸೂಚಿಸೋದಕ್ಕೆ ಹಚ್ಚುತ್ತಿದ್ದ ಬಾಲ ಅದು. ನಮ್ಮಲ್ಲಿ ಹಳ್ಳಿ, ಪುರ ಇದ್ದ ಹಾಗೆ.

ನಾವು ಮೋಜಿಗೆ ಹೋಗುತ್ತಿದ್ದ ಈ ನೀರು ಒಂದು ಕಾಲಕ್ಕೆ ಇಲ್ಲಿನ ಹೆದ್ದಾರಿ. ಮೇಲಿನ ಕಾಡುಗಳಿಂದ ‘ಗಬಾರ್’ ಅನ್ನೋ ಚಪ್ಪಟೆ ತಳದ ದೋಣಿಗಳಲ್ಲಿ ವೈನ್ ಪೀಪಾಯಿಗೆ ಓಕ್ ಹಲಗೆ, ದ್ರಾಕ್ಷಿ ಬಳ್ಳಿಗೆ ಊರುಗೋಲು ತುಂಬಿಕೊಂಡು ಕೆಳಗಿನ ವೈನ್ ನಾಡಿಗೆ ಇಳಿಯುತ್ತಿದ್ದರು. ನೀರು ತೀರ ಕಮ್ಮಿಯಿದ್ದರೆ ಕಲ್ಲು ತಾಗುತ್ತೆ, ಜಾಸ್ತಿಯಿದ್ದರೆ ದೋಣಿ ಮಗುಚುತ್ತೆ. ಹಾಗಾಗಿ ವರ್ಷದಲ್ಲಿ ಕೆಲವೇ ವಾರ ಈ ಪ್ರಯಾಣ. ಮೇಲಿನಿಂದ ಬಂದ ಎಷ್ಟೋ ದೋಣಿಗಳು ವಾಪಸ್ ಹೋಗುತ್ತಲೇ ಇರಲಿಲ್ಲ. ಸರಕು ಇಳಿಸಿದ ಮೇಲೆ ದೋಣಿಯನ್ನೇ ಒಡೆದು ಸೌದೆಗೆ ಮಾರಿ, ಅಂಬಿಗರು ನಡೆದುಕೊಂಡೇ ಊರು ಸೇರುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಗೆ ರೈಲು ಬಂತು, ನದಿಯ ಹೆದ್ದಾರಿ ಮುಚ್ಚಿತು. ದಂಡೆಯ ಬಂದರು ಊರುಗಳಿಗೆ ಕೆಲಸ ಹೋಯಿತು. ಇವತ್ತು ಗಬಾರ್‌ಗಳಲ್ಲಿ ಕೂರೋದು ನಮ್ಮಂಥ ಪ್ರವಾಸಿಗರು.

ಬಂಡೆ ಬಿದ್ದ ದಿನ

ಒಂದು ತಿರುವು ದಾಟಿದ ಕೂಡಲೇ ಲಾ ರೋಕ್ ಗಜಾಕ್ ಕಂಡಿತು. ಇಬ್ಬರೂ ಹುಟ್ಟು ಹಾಕೋದು ನಿಲ್ಲಿಸಿದ್ವಿ.

ಹಿಂದೆ ಗೋಡೆಯ ಹಾಗೆ ನೆಟ್ಟಗೆ ನಿಂತ ದೊಡ್ಡ ಬಂಡೆ. ಮುಂದೆ ನದಿ. ಮಧ್ಯೆ ಇರುವ ಇಷ್ಟೇ ಇಷ್ಟು ಜಾಗದಲ್ಲಿ ಇಡೀ ಊರು ಬಂಡೆಗೆ ಬೆನ್ನು ಕೊಟ್ಟು ಕೂತಿದೆ. ಜನ ನಾನೂರು ಚಿಲ್ಲರೆ. ಬಂಡೆಯ ನಡುಮಧ್ಯೆ, ಗುಹೆಯೊಳಗೆ, ಹಳೆ ಕಾಲದ ಒಂದು ಕೋಟೆ. ಊರು ದಕ್ಷಿಣಕ್ಕೆ ಮುಖ ಮಾಡಿರೋದರಿಂದ ಹಗಲೆಲ್ಲ ಬಿಸಿಲು ಕುಡಿದ ಬಂಡೆ ಸುತ್ತ ಬೆಚ್ಚಗಿರುತ್ತೆ. ಚರ್ಚಿನ ಹತ್ತಿರದ ತೋಟದಲ್ಲಿ ತಾಳೆ, ಬಿದಿರು ಮಾತ್ರ ಅಲ್ಲ, ಬಾಳೆಗಿಡವೂ ಇದೆ! ಫ್ರಾನ್ಸಿನಲ್ಲಿ ಬಾಳೆ ಎಲೆ ನೋಡಿ ನಮಗೆ ಊಟದ ನೆನಪಾಯಿತು.

ದೋಣಿ ಕಟ್ಟಿ ಓಣಿ ಹತ್ತಿದ್ವಿ. 1957ರ ಜನವರಿ 17ರಂದು ಈ ಬಂಡೆಯ ದೊಡ್ಡ ಭಾಗ ಕಳಚಿ ಬಿತ್ತು. ಹತ್ತಾರು ಮನೆಗಳು ಪುಡಿಯಾದವು, ಮೂವರು ಸತ್ತರು. ಮೇಲೆ ನೋಡಿದರೆ ಆ ಗಾಯ ಈಗಲೂ ಗೊತ್ತಾಗುತ್ತೆ. ಕೆಳಗೆ ಮತ್ತೆ ಹಳೆ ಶೈಲಿಯಲ್ಲೇ ಮನೆ ಕಟ್ಟಿಕೊಂಡಿದ್ದಾರೆ, ಅದೇ ಜಾಗದಲ್ಲಿ. ಕಿಟಕಿಗಳಲ್ಲಿ ಹೂವಿನ ಕುಂಡ. ಒಬ್ಬ ಅಜ್ಜಿ ಮೆಟ್ಟಿಲು ಗುಡಿಸುತ್ತಿದ್ದರು.

ನನಗೆ ಹೊಟ್ಟೆಯಲ್ಲಿ ಏನೋ ತಿರುವಿದ ಹಾಗಾಯಿತು. ನಮ್ಮ ಹಿತ್ತಿಲು ನೆನಪಾಯಿತು.

ಅಲ್ಲಿ ಮಧ್ಯಾಹ್ನ ಒಂದು ಗಂಟೆ, ನಮ್ಮೂರಲ್ಲಿ ನಾಲ್ಕೂವರೆ. ಅಪ್ಪ ಕಾಫಿ ಕುಡಿಯೋ ಹೊತ್ತು. ವಿಡಿಯೋ ಕಾಲ್ ಮಾಡಿದೆ. ನೆಟ್‌ವರ್ಕ್ ಸಿಗುವ ಒಂದೇ ಜಾಗ, ಕಾಫಿ ಕಣದ ಮೂಲೆಗೆ ಬಂದು ನಿಂತರು. ಹಿಂದಿನ ರಾತ್ರಿಯ ಮಾತು ಇಬ್ಬರೂ ಎತ್ತಲಿಲ್ಲ. ಬಂಡೆ ತೋರಿಸಿ ಬಿದ್ದ ಕಥೆ ಹೇಳಿದೆ.

ನಿಜ ಹೇಳಬೇಕು ಅಂದ್ರೆ, “ನೋಡಿ, ಇಂಥ ಕಡೆ ಇದ್ದರೆ ಹೀಗೇ ಆಗೋದು” ಅಂತ ಹೇಳೋದಕ್ಕೇ ಫೋನ್ ಮಾಡಿದ್ದು.

ಅಪ್ಪ ಸ್ವಲ್ಪ ಹೊತ್ತು ಬಂಡೆಯನ್ನೇ ನೋಡಿದರು. ಆಮೇಲೆ ಕೇಳಿದರು, “ಈಗ ಆ ಬಂಡೆನ ಯಾರು ನೋಡ್ಕೊಳ್ತಾರೆ?”

ಇಂಥ ಪ್ರಶ್ನೆ ನಾನು ಅಂದುಕೊಂಡಿರಲಿಲ್ಲ. ನನಗೆ ಗೊತ್ತಿದ್ದಷ್ಟು ಹೇಳಿದೆ. 2010ರಲ್ಲಿ ಮತ್ತೆ ಕಲ್ಲು ಉದುರಿತ್ತು, ಮೇಲಿನ ಗುಹೆ ಕೋಟೆಗೆ ಹೋಗೋದನ್ನು ವರ್ಷಗಟ್ಟಲೆ ನಿಲ್ಲಿಸಿ, ಸರಿಮಾಡಿದ ಮೇಲೇ ಜನರನ್ನು ಬಿಟ್ಟರು ಅಂತ.

“ಹಂಗಾದ್ರೆ ಅವರು ಸುಮ್ನೆ ಕೂತಿಲ್ಲ ಕಣೋ, ನೋಡ್ಕೊಂಡು ಕೂತಿದ್ದಾರೆ. ನಂಗೂ ಅಷ್ಟೇ ಬೇಕಾಗಿರೋದು. ನೀನು ಬಂದಾಗೆಲ್ಲ ಮಾರೋ ಮಾತಾಡ್ತೀಯ. ಒಂದಿನನಾದ್ರೂ ಆ ಧರೆ ಹತ್ತಿ ನೋಡಿದ್ಯಾ?”

ನೋಡಿರಲಿಲ್ಲ. ನಾಲ್ಕು ವರ್ಷದಲ್ಲಿ ಒಂದು ಸಲವೂ.

ಎದುರುಬದುರು ಎರಡು ಕೋಟೆ

ಮತ್ತೆ ದೋಣಿ ಹತ್ತಿದ್ವಿ. ಬಲಗಡೆ ಗುಡ್ಡದ ಮೇಲೆ ಮಾರ್ಕೆಸಾಕ್ ತೋಟ. ಒಂದೂವರೆ ಲಕ್ಷ ಪೊದೆಗಳನ್ನು ಕೈಯಲ್ಲೇ ಕತ್ತರಿಸಿ ದುಂಡಗೆ ಇಟ್ಟಿದ್ದಾರೆ. ಎಡಗಡೆ ಕಾಸ್ಟೆಲ್ನೋ ಕೋಟೆ. ಇನ್ನೂ ಮುಂದೆ ಬಲಗಡೆ, ನೀರಿನಿಂದ ಸುಮಾರು 150 ಮೀಟರ್ ಎತ್ತರದ ಬಂಡೆಯ ತುದಿಗೆ ಬೇನಾಕ್ ಕೋಟೆ.

1337ರಿಂದ 1453ರವರೆಗೆ ನಡೆದ ನೂರು ವರ್ಷಗಳ ಯುದ್ಧದಲ್ಲಿ ಬೇನಾಕ್ ಫ್ರೆಂಚ್ ದೊರೆಯ ಕಡೆ, ಕಾಸ್ಟೆಲ್ನೋ ಬಹುಪಾಲು ಇಂಗ್ಲಿಷರ ಕಡೆ. ಎರಡೂ ಕೋಟೆಗಳಿಗೆ ಪರಸ್ಪರ ಕಣ್ಣಳತೆ ದೂರ. ಕಾಸ್ಟೆಲ್ನೋ ಏಳು ಸಲ ಕೈ ಬದಲಾಯಿಸಿತು ಅಂತಾರೆ. ಆ ಯುದ್ಧದ ಕೊನೆಯ ದೊಡ್ಡ ಕಾಳಗ ನಡೆದದ್ದೂ ಇದೇ ನದಿಯ ದಂಡೆಯಲ್ಲಿ, ಇನ್ನೂ ಕೆಳಗೆ ಕಾಸ್ತಿಯೋಂನಲ್ಲಿ, 1453ರ ಜುಲೈ 17ರಂದು. ಈಗ ಕಾಸ್ಟೆಲ್ನೋ ಕೋಟೆಯೊಳಗೆ ಮಧ್ಯಯುಗದ ಯುದ್ಧದ ಮ್ಯೂಸಿಯಂ ಇದೆ. ಕಲ್ಲು ಬೀರುವ ಯಂತ್ರಗಳನ್ನು ನಿಜವಾದ ಅಳತೆಯಲ್ಲೇ ಮಾಡಿ ನಿಲ್ಲಿಸಿದ್ದಾರೆ.

ಬೇನಾಕ್ ಹತ್ತಿರ ಬಂದಾಗ ಇಷ್ಟೆಲ್ಲ ಚೆಂದದ ಮಧ್ಯೆ ಒಂದು ವಿಚಿತ್ರ ಕಂಡಿತು. ನೀರಿನಲ್ಲಿ ಕಾಂಕ್ರೀಟ್ ಕಂಬಗಳು. ಮೇಲೆ ಸೇತುವೆ ಇಲ್ಲ.

ಅದಕ್ಕೂ ಒಂದು ಕಥೆ. ಬೇನಾಕ್ ಊರಿನ ಕೆಳಗೆ ಬಂಡೆಗೂ ನದಿಗೂ ಮಧ್ಯೆ ಒಂದೇ ಕಿರಿದಾದ ರಸ್ತೆ. ಬೇಸಿಗೆಯಲ್ಲಿ ಪ್ರವಾಸಿಗರ ಕಾರುಗಳಿಂದ ಅದು ಸಿಲ್ಕ್ ಬೋರ್ಡ್ ಜಂಕ್ಷನ್ ಆಗುತ್ತೆ. ಹಾಗಾಗಿ ನದಿ ಮೇಲೆ ಎರಡು ಸೇತುವೆ ಹಾಕಿ ಊರಿನ ಹೊರಗಿಂದ ಬೈಪಾಸ್ ಮಾಡೋದಕ್ಕೆ 2018ರಲ್ಲಿ ಕೆಲಸ ಶುರುವಾಯಿತು. ಈ ನೋಟ ಹಾಳಾಗುತ್ತೆ, ನದಿಯ ಜೀವಿಗಳಿಗೆ ತೊಂದರೆ ಅಂತ ವಿರೋಧಿಗಳು ಕೋರ್ಟಿಗೆ ಹೋದರು. ಅದೇ ವರ್ಷದ ಡಿಸೆಂಬರಿನಲ್ಲಿ ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಕೆಲಸ ನಿಲ್ಲಿಸಿತು. 2019ರಲ್ಲಿ ಬೋರ್ಡೋ ನ್ಯಾಯಾಲಯ, ಕಟ್ಟಿದ್ದನ್ನು ಕೆಡವಿ ಜಾಗವನ್ನು ಮೊದಲಿನ ಹಾಗೆ ಮಾಡಿ ಅಂತ ಆದೇಶ ಕೊಟ್ಟಿತು. ನಾವು ಹೋದಾಗಲೂ ಕಂಬಗಳು ಹಾಗೇ ನಿಂತಿದ್ದವು.

ಯಾರು ಸರಿ? ದಿನಾ ಆ ರಸ್ತೆಯಲ್ಲಿ ಕೆಲಸಕ್ಕೆ ಹೋಗಬೇಕಾದವರಿಗೆ ಬೈಪಾಸ್ ಬೇಕು. ನೋಟ ನೋಡೋದಕ್ಕೆ ಬಂದ ನನ್ನಂಥವನಿಗೆ ಕಂಬ ಕಣ್ಣಿಗೆ ಚುಚ್ಚುತ್ತೆ. ಆದರೆ ಆ ಟ್ರಾಫಿಕ್ಕಿಗೆ ಕಾರಣವೂ ನಾನೇ.

ಇದೇ ನದಿ ಮೇಲ್ಗಡೆ ಇನ್ನೊಂದು ಕಥೆ ಹೇಳುತ್ತೆ. ಅಲ್ಲಿ ವಿದ್ಯುತ್ತಿಗಾಗಿ ಸಾಲಾಗಿ ಐದು ದೊಡ್ಡ ಅಣೆಕಟ್ಟೆಗಳಿವೆ. 1950ರ ಸುಮಾರಿಗೆ ಬೋರ್ ಅಣೆಕಟ್ಟೆ ಕಟ್ಟಿದಾಗ ಪೋರ್ ದ್ಯೂ ಅನ್ನೋ ಹಳೆ ಊರು ಮುಳುಗಿತು. ಕೆಳಗಿನ ಊರುಗಳ ಫೋಟೋ ಕ್ಯಾಲೆಂಡರಿನಲ್ಲಿ ಬರುತ್ತೆ. ಮೇಲಿನದು ನೀರಿನಡಿ. ಶರಾವತಿ, ಲಿಂಗನಮಕ್ಕಿ ಕಥೆ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಸಿರೂ ಭಾರವಾದಾಗ

ಮೂರನೇ ದಿನ ಪಕ್ಕದ ವೆಜೇರ್ ಕಣಿವೆಗೆ ಹೋದ್ವಿ. ದೋರ್ದೋನ್ ಸೇರುವ ಉಪನದಿ ಇದು. ಲಿಮೋಯ್ ಊರಿನ ಬುಡದಲ್ಲಿ ಎರಡೂ ನದಿ ಕೂಡುತ್ತವೆ. ವೆಜೇರ್ ದಂಡೆ ಮೇಲಿನ ಗುಡ್ಡದಲ್ಲೇ ಲಾಸ್ಕೋ ಗುಹೆ. 1940ರ ಸೆಪ್ಟೆಂಬರ್ 12ರಂದು ನಾಲ್ವರು ಹುಡುಗರು ಇಳಿದು ನೋಡಿದಾಗ ಗೋಡೆ ತುಂಬ ಕುದುರೆ, ಜಿಂಕೆ, ಕಾಡುಗೂಳಿಗಳ ಚಿತ್ರ. ಸುಮಾರು 17,000 ವರ್ಷಕ್ಕೂ ಹಳೆಯವು.

1948ರಲ್ಲಿ ಜನರಿಗೆ ತೆರೆದರು. ದಿನಕ್ಕೆ ಸಾವಿರಕ್ಕೂ ಮೇಲೆ ಜನ ಬಂದರು. ಅವರ ಉಸಿರಿನ ಇಂಗಾಲ, ತೇವ, ಬೆಳಕು ಸೇರಿ ಗೋಡೆಗಳಿಗೆ ಹಸಿರು ಪಾಚಿ ಹತ್ತಿತು. ಸಾವಿರಾರು ವರ್ಷ ಏನೂ ಆಗದ ಚಿತ್ರಗಳು ಹದಿನೈದೇ ವರ್ಷದಲ್ಲಿ ಅಪಾಯಕ್ಕೆ ಬಂದವು. 1963ರಲ್ಲಿ ಗುಹೆ ಮುಚ್ಚಿಸಿದ್ದು ಅದೇ ಮಾಲ್ರೋ. ಈಗ ನಾವು ನೋಡೋದು ಪಕ್ಕದಲ್ಲಿ 2016ರಲ್ಲಿ ತೆರೆದ ಪ್ರತಿಕೃತಿ. ನಕಲು ನೋಡೋದಕ್ಕೆ ಇಷ್ಟು ದುಡ್ಡಾ ಅಂತ ಗೊಣಗುತ್ತಾ ಒಳಗೆ ಹೋದ ಗೆಳೆಯ, ಆ ಗೂಳಿಗಳ ಕೆಳಗೆ ಮಾತಿಲ್ಲದೆ ನಿಂತುಬಿಟ್ಟ.

ನೀವು ಹೋಗೋದಾದರೆ

ಮೇ, ಜೂನ್, ಸೆಪ್ಟೆಂಬರ್ ಒಳ್ಳೆ ಸಮಯ. ಜುಲೈ, ಆಗಸ್ಟ್‌ನಲ್ಲಿ ಜನಜಾತ್ರೆ. ಚಳಿಗಾಲದಲ್ಲಿ ಹೆಚ್ಚಿನ ಅಂಗಡಿ, ಹೋಟೆಲುಗಳು ಬಾಗಿಲು ಹಾಕಿರುತ್ತವೆ. ಬೋರ್ಡೋದಿಂದ ಸಾರ್ಲಾಗೆ ರೈಲಿದೆ, ಆದರೆ ಹಳ್ಳಿ ಸುತ್ತೋದಕ್ಕೆ ಕಾರು ಬೇಕು. ಲಾಸ್ಕೋ ಟಿಕೆಟ್ ಮುಂಚೆಯೇ ಆನ್‌ಲೈನಿನಲ್ಲಿ ಮಾಡಿಸಿಕೊಳ್ಳಿ. ಕನೂಗೆ ಹೋಗುವಾಗ ಫೋನಿಗೆ ನೀರು ಹೋಗದ ಚೀಲ ಕೇಳಿ, ಕೊಡ್ತಾರೆ. ಸಸ್ಯಾಹಾರಿಗಳು ಆಲೂಗಡ್ಡೆಯನ್ನೂ ನಂಬಬೇಡಿ. ‘ಕಬೆಕು’ ಅನ್ನೋ ಮೇಕೆ ಹಾಲಿನ ಚೀಸು, ಅಕ್ರೋಟಿನ ಕೇಕು ಎರಡೂ ಚೆನ್ನಾಗಿರುತ್ತೆ. ಮೊಟ್ಟೆಯನ್ನೂ ತಿನ್ನದವರು ಕೇಕ್ ತಿನ್ನುವ ಮುಂಚೆ ಕೇಳಿಕೊಳ್ಳಿ. ಚಟ್ನಿಪುಡಿ ಮರೀಬೇಡಿ.

ಊರಿಗೆ ಬಂದ ಮೇಲೆ

ಜೂನ್ ಮಧ್ಯದಲ್ಲಿ ವಾಪಸ್ ಬಂದವನು ಮೊದಲ ವಾರಾಂತ್ಯವೇ ಊರಿಗೆ ಹೋದೆ. ಮಳೆ ಇನ್ನೂ ಹಿಡಿದಿರಲಿಲ್ಲ. ಅಪ್ಪನ ಜೊತೆ ಧರೆ ಹತ್ತಿದೆ. ಅಲ್ಲಿ ಮೇಲೆ, ನನಗೆ ಗೊತ್ತೇ ಇಲ್ಲದ ಹಾಗೆ, ಅಪ್ಪ ನಾಲ್ಕು ವರ್ಷದಿಂದ ಪ್ರತಿ ಬೇಸಿಗೆ ಬಸಿಗಾಲುವೆ ತೋಡಿಸುತ್ತಾ ಬಂದಿದ್ದರು, ನೀರು ಧರೆಗೆ ಇಂಗದೆ ಪಕ್ಕದ ಹಳ್ಳಕ್ಕೆ ಹೋಗಲಿ ಅಂತ. ಒಂದು ಕಡೆ ಮಾತ್ರ ನೆಲದಲ್ಲಿ ಉದ್ದಕ್ಕೆ ಬಿರುಕಿತ್ತು. “ಇದು ಬೆಳೀತಿದ್ಯೋ ಇಲ್ವೋ, ಅದೇ ಗೊತ್ತಾಗ್ತಿಲ್ಲ” ಅಂದರು.

ನನ್ನ ಲೆಕ್ಕಕ್ಕೆ ಇದು ಸುಲಭದ ಕೆಲಸ. ಬಿರುಕಿನ ಆಚೆ ಒಂದು, ಈಚೆ ಒಂದು ಕಬ್ಬಿಣದ ಗೂಟ ಹೊಡೆದು ಮಧ್ಯದ ದೂರ ಅಳೆದ್ವಿ. 62 ಸೆಂಟಿಮೀಟರ್. ದೂರ ಜಾಸ್ತಿಯಾದರೆ ಮಣ್ಣು ಸರೀತಿದೆ ಅಂತ ಅರ್ಥ.

ಲಾ ರೋಕ್ ಗಜಾಕ್ ನೋಡೋದಕ್ಕೆ ಪ್ರಪಂಚದಿಂದ ಜನ ಬರ್ತಾರೆ, ಅದರ ಬಂಡೆ ಕಾಯೋದಕ್ಕೆ ದುಡ್ಡೂ ಬರುತ್ತೆ. ನಮ್ಮ ಧರೆಯನ್ನು ನೋಡೋರು ನಾವಿಬ್ಬರೇ. ಈ ವ್ಯತ್ಯಾಸ ನನಗೆ ಗೊತ್ತು. ಹಾಗಾಗಿ ಅಮ್ಮನ ಎದುರು ಒಂದು ಒಪ್ಪಂದ ಆಯಿತು. ನಾನು ಮಾರೋ ಮಾತು ಎತ್ತಲ್ಲ. ಅಪ್ಪ ಅಮ್ಮ ಜುಲೈ, ಆಗಸ್ಟ್ ಎರಡು ತಿಂಗಳು ಮೂಡಿಗೆರೆಯಲ್ಲಿ ಅಕ್ಕನ ಮನೆಯಲ್ಲಿರ್ತಾರೆ. ಗೂಟದ ದೂರ ಎರಡು ಸೆಂಟಿಮೀಟರ್ ಜಾಸ್ತಿಯಾದರೆ, ಯಾವ ತಿಂಗಳೇ ಆಗಲಿ, ಮರುಮಾತಿಲ್ಲದೆ ಮನೆ ಬಿಡಬೇಕು. ಅಪ್ಪ ಒಂದು ನಿಮಿಷ ಸುಮ್ಮನಿದ್ದು “ಆಯ್ತು” ಅಂದರು.

ಈಗ ಪ್ರತಿ ಭಾನುವಾರ ವಾಟ್ಸಾಪಿನಲ್ಲಿ ಒಂದು ಫೋಟೋ ಬರುತ್ತೆ. ಎರಡು ಗೂಟ, ಮಧ್ಯೆ ಹಳದಿ ಟೇಪು, ಪಕ್ಕದಲ್ಲಿ ಅಪ್ಪನ ಕೆಸರು ಮೆತ್ತಿದ ಕಾಲು. ಕೆಳಗೆ ಒಂದೇ ಸಾಲು: “ಇವತ್ತೂ ಅಷ್ಟೇ ಇದೆ.”